ಪುಟ್ಟಿಯ ಒಂಬತ್ತು ತಿಂಗಳ ಸೂಜಿ

ಬರ್ಮಿಂಗ್‌ಹ್ಯಾಮ್

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಪುಟ್ಟಿಗೆ ಒಂಬತ್ತು ತಿಂಗಳ ಸೂಜಿಯನ್ನು ತೋಂಟದಾರ್ಯ ಮಠದ ಜಾತ್ರೆ ಮುಗಿದ ಮೇಲೆ ಹಾಕಿಸುತ್ತೇವೆ ಅಂದೆಯಲ್ಲ, ಅದೇ ತಲೆಯಲ್ಲಿ ಕೊರೆಯುತ್ತಿದೆ. ಜಾತ್ರೆ ಹೊತ್ತಿಗೆ ಕೂಸಿಗೆ ಜ್ವರ ಬರಬಾರದು ಅಂತ ನಿಮ್ಮ ಅತ್ತೆಯವರ ಕಾಳಜಿ. ಆದರೆ ಜಾತ್ರೆ ಇದೆ ಅಂತಲೇ ಮೊದಲು ಹಾಕಿಸಬೇಕು.

ಅದು ದಡಾರದ ಲಸಿಕೆ, ನಮ್ಮ ಕಡೆ ಗೊಬ್ಬರ ಅಂತಾರಲ್ಲ, ಅದರದ್ದು. ಜೊತೆಗೆ ರುಬೆಲ್ಲಾ ಅನ್ನುವ ಇನ್ನೊಂದು ದದ್ದಿನ ರೋಗಕ್ಕೂ ಆಗುತ್ತದೆ. ಗೊಬ್ಬರದಷ್ಟು ಬೇಗ ಅಂಟುವ ರೋಗ ಇನ್ನೊಂದಿಲ್ಲ ಅನ್ನಬಹುದು. ರಕ್ಷಣೆ ಇಲ್ಲದವರ ನಡುವೆ ಒಬ್ಬರಿಂದ 12ರಿಂದ 18 ಜನಕ್ಕೆ ಹರಡುತ್ತದೆ. ರೋಗ ಇದ್ದವರು ಕೆಮ್ಮಿ ಎದ್ದುಹೋದರೂ ಆ ಕೋಣೆಯ ಗಾಳಿಯಲ್ಲಿ ವೈರಸ್ 2 ಗಂಟೆವರೆಗೆ ಉಳಿಯಬಹುದು. ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲೇ ಅಂಟಿಸುತ್ತಾರೆ, ಹಾಗಾಗಿ ಜಾತ್ರೆಯಲ್ಲಿ ನೋಡಿ ದೂರ ಇರೋಣ ಅಂದರೆ ಆಗುವುದಿಲ್ಲ. ನ್ಯುಮೋನಿಯಾ ಆಗಿ ಮಕ್ಕಳ ಜೀವ ಹೋಗುವುದೂ ಇದೆ. ವಾಸಿಯಾದರೂ, ಬೇರೆ ರೋಗಗಳ ಎದುರು ಮೈ ಗಳಿಸಿಕೊಂಡಿದ್ದ ಶಕ್ತಿಯನ್ನು ಸಾಕಷ್ಟು ಅಳಿಸಿ ಹೋಗುತ್ತದೆ.

ಹೊಟ್ಟೆಯಲ್ಲಿದ್ದಾಗ ನಿನ್ನಿಂದ ಸಿಕ್ಕಿದ್ದ ರಕ್ಷಣೆ ಈಗ ಅವಳಿಗೆ ಹೆಚ್ಚುಕಡಿಮೆ ಮುಗಿದಿದೆ. ಅದಕ್ಕೇ ಒಂಬತ್ತು ತಿಂಗಳು ಅಂತ ಇಟ್ಟಿರುವುದು. ತಡ ಮಾಡಿದಷ್ಟು ದಿನ ಅವಳು ಬರಿಗೈಲಿ ಇದ್ದಂತೆ.

ಜ್ವರದ ಮಾತು. ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾ ಲಸಿಕೆ ಹಾಕಿಸಿದ ರಾತ್ರಿಯೇ ಮೈ ಕಾದು, ನೀವಿಬ್ಬರೂ ನಿದ್ದೆಗೆಟ್ಟಿರಿ, ಅಲ್ವಾ? ಈ ಸೂಜಿಗೆ ಹಾಗಲ್ಲ. ಜ್ವರ ಬಂದರೆ ಒಂದು ವಾರದಿಂದ ಹನ್ನೆರಡು ದಿನದೊಳಗೆ ಬರುತ್ತದೆ, ಸ್ವಲ್ಪ ದದ್ದೂ ಏಳಬಹುದು. ಎರಡು ಮೂರು ದಿನಕ್ಕೆ ತಾನೇ ಇಳಿಯುತ್ತದೆ. ಜಾತ್ರೆಗೆ ಇನ್ನೂ ತಿಂಗಳಿದೆ. ಈ ಗುರುವಾರವೇ ಹಾಕಿಸಿದರೆ ಅಷ್ಟರಲ್ಲಿ ಜ್ವರವೂ ಹೋಗಿರುತ್ತದೆ, ರಕ್ಷಣೆಯೂ ಬಂದಿರುತ್ತದೆ.

ಇಲ್ಲಿ ಲಸಿಕೆ ಪುಕ್ಕಟೆ. ಆದರೂ ಹಾಕಿಸದೆ ಬಿಟ್ಟ ಮಕ್ಕಳು ಜಾಸ್ತಿಯಾಗಿ, 2024ರಲ್ಲಿ ಇಂಗ್ಲೆಂಡಿನಲ್ಲಿ 2,900ಕ್ಕೂ ಹೆಚ್ಚು ಜನಕ್ಕೆ ದಡಾರ ಆಯಿತು. ಆ ವರ್ಷದ ಶುರುವಿನಲ್ಲಿ ನಮ್ಮ ಈ ಊರಲ್ಲೇ ಜೋರಿತ್ತು. ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸ್ ಬಿದ್ದಿದ್ದರೆ ಹೀಗೆ ಹಬ್ಬುತ್ತಿರಲಿಲ್ಲ. ಆಯಿಯ ಕೆನ್ನೆ ಮೇಲಿನ ಸಿಡುಬಿನ ಕಲೆ ನಿನಗೆ ನೆನಪಿರಬೇಕು. 1975ರಿಂದೀಚೆಗೆ ನಮ್ಮ ದೇಶದಲ್ಲಿ ಒಬ್ಬರಿಗೂ ಆ ರೋಗ ಬಂದಿಲ್ಲ. ಲಸಿಕೆಯಿಂದಲೇ ಅದು ಹೋಗಿದ್ದು. ಇದನ್ನು ನಿಮ್ಮ ಅತ್ತೆಯವರಿಗೆ ಹೇಳು, ಅವರಿಗೆ ಗೊತ್ತಾಗುತ್ತದೆ.

ತಾಯಿ ಕಾರ್ಡ್ ಮರೆಯಬೇಡ. ಬೇಗ ಹೋಗು. ಈ ಲಸಿಕೆಯ ಬಾಟಲಿ ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಅದಕ್ಕೆ ಸಿಸ್ಟರ್ ಅದರ ಮೇಲೆ ಹೊತ್ತು ಬರೆದಿರುತ್ತಾರೆ. ವಿಟಮಿನ್ ಎ ಹನಿ ಕೇಳಿ ಹಾಕಿಸು. ಅರ್ಧ ಗಂಟೆ ಅಲ್ಲೇ ಕೂತು ಆಮೇಲೆ ಹೊರಡು. ಎರಡನೇ ಡೋಸ್ ಒಂದು ವರ್ಷ ನಾಲ್ಕು ತಿಂಗಳಾದ ಮೇಲೆ, ಅದನ್ನೂ ಬಿಡಬೇಡ.

ಹಾಕಿಸಿದ ಕೂಡಲೇ ಫೋನ್ ಮಾಡು. ಮನೆಯಲ್ಲಿ ಎಲ್ಲರಿಗೂ ನಮಸ್ಕಾರ ತಿಳಿಸು.

ನಿನ್ನ ಅಕ್ಕ