ಅಳಿಸಿದರೆ ಕಾರಣವನ್ನೂ ಹೇಳಲಿ

ಮಾನ್ಯ ಸಂಪಾದಕರೇ,

ಜಾಲತಾಣ ಕಂಪನಿಗಳ ಹೊಣೆ ಎಷ್ಟು ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಅಕ್ಕನ ಮಗಳ ಮುಖ. ಯಾರೋ ಅವಳ ಫೋಟೊ ಹಾಕಿ ನಕಲಿ ಖಾತೆ ತೆರೆದಿದ್ದರು. ಊಟ ಬಿಟ್ಟು, ರಾತ್ರಿಯಿಡೀ ಮೊಬೈಲ್ ಹಿಡಿದು ದೂರು ಕಳಿಸುತ್ತಾ ಕೂತಿದ್ದಳು. ಕನ್ನಡದಲ್ಲಿ ಬರೆದ ಮೂರು ದೂರಿಗೂ ಇಂಗ್ಲಿಷಿನಲ್ಲಿ ಒಂದೇ ಉತ್ತರ: ಈ ಖಾತೆ ನಮ್ಮ ನಿಯಮ ಮೀರಿಲ್ಲ. ತೆಗೆಸುವಷ್ಟರಲ್ಲಿ ಹನ್ನೊಂದು ದಿನ ಆಗಿತ್ತು. ಇಂಥ ದೂರಿಗೆ 24 ಗಂಟೆಯೊಳಗೆ ಕ್ರಮ ಆಗಬೇಕು ಎಂದು 2021ರ ಐಟಿ ನಿಯಮಗಳೇ ಹೇಳಿದ್ದವು.

ಹಾಗಂತ ಸರ್ಕಾರ ತೋರಿಸಿದ್ದನ್ನೆಲ್ಲ ಸುಮ್ನೆ ಅಳಿಸಲಿ ಎನ್ನಲಾರೆ. ಪೋಸ್ಟ್ ತೆಗೆಯಿರಿ ಎಂದು ಕಂಪನಿಗಳಿಗೆ ಹೇಳಲು ಕೇಂದ್ರ ಸರ್ಕಾರ ಮಾಡಿರುವ ‘ಸಹಯೋಗ್’ ಪೋರ್ಟಲ್ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಹಾಕಿದ್ದ ಅರ್ಜಿಯನ್ನು ನಮ್ಮ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಆ ಪೋರ್ಟಲ್ ಮೂಲಕ ಐಟಿ ಕಾಯ್ದೆಯ 79(3)(ಬಿ) ಅಡಿ ನೋಟಿಸ್ ಹೋಗುತ್ತದೆ. ತೆಗೆಯದಿದ್ದರೆ, ಬೇರೆಯವರು ಹಾಕಿದ ಪೋಸ್ಟಿಗೆ ತಾನು ಹೊಣೆಯಲ್ಲ ಎಂಬ ಕಾನೂನಿನ ರಕ್ಷಣೆ ತಪ್ಪುವ ಭಯ ಕಂಪನಿಗೆ. ಅಳಿಸಿಬಿಡುವುದೇ ಅವರಿಗೆ ಸುಲಭ ಅಲ್ವಾ? ಬರೆದವನ ಮಾತು ಕೇಳುವವರು ಯಾರು? 2015ರಲ್ಲಿ ಸುಪ್ರೀಂ ಕೋರ್ಟ್ ಜಾಲತಾಣದಲ್ಲಿ ‘ಆಕ್ಷೇಪಾರ್ಹ’ ಎನಿಸಿದ್ದನ್ನು ಬರೆದರೆ ಜೈಲಿಗೆ ಹಾಕಬಹುದಾಗಿದ್ದ ಅದೇ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿದಾಗ ಎಷ್ಟೊಂದು ಜನ ಖುಷಿಪಟ್ಟಿದ್ದೆವು! ಆ ಧೈರ್ಯ ಈಗ ಕಡಿಮೆಯಾಗುತ್ತಿದೆ.

ಐಟಿ ನಿಯಮಗಳಿಗೆ ಅಕ್ಟೋಬರ್ 2025ರಲ್ಲಿ ತಂದ ತಿದ್ದುಪಡಿಯಂತೆ ಹಿರಿಯ ಅಧಿಕಾರಿಗಳೇ ಕಾರಣ ಬರೆದು ನೋಟಿಸ್ ಕೊಡಬೇಕು. ಒಳ್ಳೆಯದೇ. ಆದರೆ ಆ ಕಾರಣ ಪೋಸ್ಟ್ ಹಾಕಿದವರ ಕೈಗೂ ಸಿಗಬೇಕು. ಕಂಪನಿಗಳೂ ಅಷ್ಟೇ, ಕನ್ನಡದ ದೂರು ಓದಿ ಅರ್ಥ ಮಾಡಿಕೊಳ್ಳುವ ಜನರನ್ನು ಇಟ್ಟುಕೊಳ್ಳಲಿ.

– ಓದುಗರೊಬ್ಬರು, ತಿಪಟೂರು