ಬೇರು ಬೇರೆ, ‘ಬೇರೆ’ ಬೇರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ‘ಬೇರ್ಪಡಿಸು’ ಎಂಬ ಮಾತು ಗಿಡದ ಬೇರಿನಿಂದ ಹುಟ್ಟಿದೆ, ಬೇರುಸಹಿತ ಕೀಳುವುದೇ ಬೇರ್ಪಡಿಸುವುದು ಎಂದು ಅಚ್ಚಾಗಿದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು, ಓದಿ ಸುಮ್ಮನಿರಲಾಗಲಿಲ್ಲ. ಇಂಥ ಬರಹಗಳನ್ನು ಮಕ್ಕಳು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ.

ಈಗ ‘ಬೇರು’, ‘ಬೇರೆ’ ಎರಡನ್ನೂ ಒಂದೇ ರಕಾರದಲ್ಲಿ ಬರೆಯುವುದರಿಂದ ಈ ಗೊಂದಲ. ಹಳಗನ್ನಡದಲ್ಲಿ ಗಿಡದ್ದು ‘ಬೇರ್’, ಇನ್ನೊಂದು ‘ಬೇಱೆ’. ಎರಡನೆಯದರಲ್ಲಿರುವುದು ಶಕಟರೇಫ, ಅಂದರೆ ‘ಱ’ ಎಂಬ ಹಳೆಯ ಇನ್ನೊಂದು ರಕಾರ. ನಾವು ಆ ಅಕ್ಷರವನ್ನು ಕೈಬಿಟ್ಟೆವು, ತಮಿಳರು ಬಿಡಲಿಲ್ಲ. ಅವರಿಗೆ ಇವತ್ತಿಗೂ ‘ವೇರ್’ ಎಂದರೆ ಗಿಡದ ಬೇರು, ‘ವೇಱು’ ಎಂದರೆ ಬೇರೆ. 1894ರ ಕಿಟೆಲ್ ನಿಘಂಟು ತೆರೆದರೂ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಬೇರ್ಪಡು ಎಂದರೆ ಬೇರೆಯಾಗು. ಅದಕ್ಕೆ ‘ಇಸು’ ಹತ್ತಿ ಬೇರ್ಪಡಿಸು. ಬೇರಿಗೂ ಇದಕ್ಕೂ ನಂಟಿಲ್ಲ.

ಸಮಾನಾರ್ಥಕಗಳೆಂದು ವಿಂಗಡಿಸು, ಪ್ರತ್ಯೇಕಿಸು, ವಿಭಜಿಸು ಎಂಬ ಮೂರನ್ನು ಕೊಟ್ಟು ಬರಹ ಮುಗಿದಿದೆ. ನನ್ನ ಅಜ್ಜಿಗೆ ಈ ಮೂರರಲ್ಲಿ ಒಂದೂ ಬೇಕಾಗಿರಲಿಲ್ಲ. ಕಣದಲ್ಲಿ ಒಕ್ಕಿದ ರಾಗಿಯನ್ನು ಗಾಳಿಗೆ ಎತ್ತಿ ಸುರಿದರೆ ಅದು ತೂರುವುದು. ಹಜಾರದಲ್ಲಿ ಕಾಲು ಚಾಚಿ ಕುಳಿತು, ಮೊರವನ್ನು ಮೇಲಕ್ಕೆ ಚಿಮ್ಮಿಸಿ ಹೊಟ್ಟು ಹಾರಿಸಿದರೆ ಕೇರುವುದು. ಅದೇ ಮೊರವನ್ನು ತುಸು ಓರೆಯಾಗಿ ಹಿಡಿದು ಅತ್ತಿತ್ತ ತೂಗುತ್ತ, ಅಂಚನ್ನು ಹೆಬ್ಬೆರಳಿನಿಂದ ತಟ್ಟುತ್ತ ಕಲ್ಲು ಒಂದು ಕಡೆ, ಕಾಳು ಒಂದು ಕಡೆ ಸೇರುವಂತೆ ಮಾಡಿದರೆ ಒನೆಯುವುದು. ಕೇರಿದ್ದು ಒನೆದದ್ದು ಎರಡೂ ಒಂದೇ ಅಲ್ಲವೇ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಅಜ್ಜಿ ಮಾತಾಡದೆ ಮೊರವನ್ನು ನನ್ನ ಕೈಗೆ ಕೊಟ್ಟಳು. ಎರಡೇ ಸಲಕ್ಕೆ ರಾಗಿಯೆಲ್ಲ ನೆಲದ ಮೇಲಿತ್ತು. ಇನ್ನು ಅಕ್ಕಿಯನ್ನು ನೀರಿನಲ್ಲಿ ಜಾಲಿಸುವುದು, ಅವರೆಕಾಯಿ ಸುಲಿಯುವುದು, ನೆನೆದ ಕಾಳು ಹಿದುಕುವುದು. ಇವೆಲ್ಲ ಬೇರ್ಪಡಿಸುವ ಕೆಲಸಗಳೇ. ನಿಮ್ಮ ಕೃಷಿ ಪುಟ ಮಾತ್ರ ‘ಕಾಳನ್ನು ಹೊಟ್ಟಿನಿಂದ ಪ್ರತ್ಯೇಕಿಸಬೇಕು’ ಎನ್ನುತ್ತದೆ. ಯಾವ ರೈತರು ಹಾಗೆ ಮಾತಾಡುತ್ತಾರೆ?

ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದಿಲ್ಲ ಎಂಬುದಕ್ಕೆ ನಿಮ್ಮ ನಿಧನ ವಾರ್ತೆಯ ಅಂಕಣವೇ ಸಾಕ್ಷಿ. ಮೂರು ವರ್ಷಗಳ ಹಿಂದೆ ನಮ್ಮ ಯಜಮಾನರ ಸುದ್ದಿಯಲ್ಲಿ ‘ಪತ್ನಿ, ಇಬ್ಬರು ಪುತ್ರಿಯರನ್ನು ಅಗಲಿದ್ದಾರೆ’ ಎಂದು ಹಾಕಿದ್ದಿರಿ. ಬೇರ್ಪಟ್ಟಿದ್ದಾರೆ ಎಂದಿದ್ದರೆ ನಾನು ಸಹಿಸುತ್ತಿರಲಿಲ್ಲ. ರಸ್ತೆಯ ಅಗಲ, ಸೀರೆಯ ಅಗಲ ಎನ್ನುವಾಗಿನ ಧಾತುವೇ ಅಗಲುವುದರಲ್ಲೂ ಇದೆ. ಪಾಠ ಮಾಡುವಾಗ ಅದನ್ನು ಎಷ್ಟೋ ಸಲ ಹಲಗೆಯ ಮೇಲೆ ಬರೆದಿದ್ದೆ. ಅದರ ಅರ್ಥ ಇಳಿದದ್ದು ಆ ದಿನ.

ದಯವಿಟ್ಟು ಮುಂದಿನ ಭಾನುವಾರ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ. ‘ಬೇಱೆ’ ಎಂದು ಶಕಟರೇಫವನ್ನೇ ಅಚ್ಚು ಮಾಡಿ. ಮಕ್ಕಳು ಆ ಅಕ್ಷರವನ್ನು ಒಮ್ಮೆಯಾದರೂ ನೋಡಲಿ.

— ನಿವೃತ್ತ ಕನ್ನಡ ಶಿಕ್ಷಕಿ, ಮಂಡ್ಯ