ಎರಡು ಸಲ ಪಂಪ್ ಮಾಡಿದರೆ ಸರಿಹೋಗುತ್ತದೆ ಅಂದೆಯಲ್ಲ, ಅದಕ್ಕೆ ಈ ಪತ್ರ

ಬಳ್ಳಾರಿ, ಭಾನುವಾರ

ಗೆಳೆಯಾ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ರಾತ್ರಿಯೆಲ್ಲ ತಲೆಯಲ್ಲೇ ಕೂತಿತ್ತು. ‘ಬ್ರೇಕ್ ಸ್ವಲ್ಪ ಮೆತ್ತಗಾಗಿದೆ, ಎರಡು ಸಲ ಪಂಪ್ ಮಾಡಿದರೆ ಸರಿಹೋಗುತ್ತದೆ’ ಅಂದೆ. ಅದರ ಬೆನ್ನಿಗೇ, ಬರುವ ವಾರ ಅವ್ವನನ್ನು ಕರೆದುಕೊಂಡು ರಾಯಚೂರಿನಿಂದ ಶ್ರೀಶೈಲಕ್ಕೆ ಹೊರಡುತ್ತೇವೆ ಅಂತಲೂ ಅಂದೆ. ಅಲ್ಲಿ ಘಾಟ್ ಇಳಿಯಬೇಕು, ಗೊತ್ತಲ್ವಾ? ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ. ಹಳೆಯ ಕಾರು ಇಟ್ಟುಕೊಂಡವರು ನಮ್ಮ ಕಡೆ ಬೇಕಾದಷ್ಟಿದ್ದಾರೆ, ಅವರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ಏಪ್ರಿಲ್‌ನಲ್ಲಿ ನನಗೆ ಆದದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ನಾನು, ಅಪ್ಪ, ಅಣ್ಣನ ಮಗ ಮೂವರೂ ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿದ್ದೆವು. ಮಧ್ಯಾಹ್ನದ ಬಿಸಿಲು. ಇಳಿಯುವಾಗ ಮುಂದೆ ಒಂದು ಲಾರಿ ನಿಧಾನಕ್ಕೆ ಹೋಗುತ್ತಿತ್ತು, ನಾನು ಬ್ರೇಕ್ ಮೇಲಿಂದ ಕಾಲು ತೆಗೆಯಲೇ ಇಲ್ಲ. ಒಂದು ತಿರುವಿನಲ್ಲಿ ಒತ್ತಿದರೆ ಪೆಡಲ್ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಕೆಳಗೆ ಹೋಯಿತು. ಎದೆ ಧಸಕ್ ಅಂದಿತು. ಎರಡನೇ ಗೇರಿಗೆ, ಆಮೇಲೆ ಒಂದನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು ಹೇಗೋ ಪಕ್ಕಕ್ಕೆ ನಿಲ್ಲಿಸಿದೆ. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ಅಪ್ಪ ಏನೂ ಮಾತಾಡಲಿಲ್ಲ, ಇಳಿದು ಮರದ ಕೆಳಗೆ ಕೂತರು. ಮುಕ್ಕಾಲು ಗಂಟೆ ಆರಲು ಬಿಟ್ಟ ಮೇಲೆ ಪೆಡಲ್ ತಾನಾಗಿಯೇ ಮೇಲೆ ಬಂತು.

ಆಗಿದ್ದಿಷ್ಟು. ಕಾಲಿನ ಒತ್ತಡವನ್ನು ಪೆಡಲಿನಿಂದ ಚಕ್ರದವರೆಗೆ ಮುಟ್ಟಿಸುವುದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ನೀರಿನಂಶ ಹೀರಿಕೊಳ್ಳುತ್ತದೆ. ಡಾಟ್ 3, ಡಾಟ್ 4 ಅಂತ ಈ ಆಯಿಲಿನಲ್ಲಿ ದರ್ಜೆಗಳಿವೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಶೇಕಡಾ 3.7ರಷ್ಟು ನೀರು ಸೇರಿದರೆ 140ಕ್ಕೇ ಕುದಿಯಬಹುದು. ಡಾಟ್ 4 ಆದರೆ 230, ನೀರು ಸೇರಿದ ಮೇಲೆ 155. ಇಳಿಜಾರಿನಲ್ಲಿ, ಚಕ್ರದ ಡಿಸ್ಕನ್ನು ಅಮುಕಿ ಹಿಡಿಯುವ ಬ್ರೇಕ್ ಪ್ಯಾಡ್ ಕಾದರೆ ಆ ಕಾವು ಆಯಿಲಿಗೂ ಹತ್ತುತ್ತದೆ. ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದರೆ ನಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಅಮುಕುವುದಕ್ಕೇ ಹೋಗುತ್ತದೆ. ಆಯಿಲ್ ಅಮುಕಿದರೆ ಕುಗ್ಗುವುದಿಲ್ಲ, ಗಾಳಿ, ಆವಿ ಕುಗ್ಗುತ್ತವೆ. ನನ್ನ ಕಾರಿನ ಆಯಿಲ್ ಬದಲಿಸಿ ಐದು ವರ್ಷವಾಗಿತ್ತು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಿತ್ತು.

ಊರಿಗೆ ಬಂದು ಒಂದು ಗ್ಯಾರೇಜಿಗೆ ಕೊಟ್ಟೆ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಕಡಿಮೆ ಇತ್ತು, ಮೇಲಿನ ಗೆರೆವರೆಗೆ ತುಂಬಿಸಿ ‘ಆಯಿತು ಅಣ್ಣಾ’ ಅಂದು ಕಳಿಸಿದರು. ನಾಲ್ಕೇ ದಿನ. ಮೋತಿ ಸರ್ಕಲ್ಲಿನಲ್ಲಿ ಮತ್ತೆ ಪೆಡಲ್ ಕೆಳಗೆ. ತುಂಬಿಸಿದ ಆಯಿಲ್ ಹೋದದ್ದಾದರೂ ಎಲ್ಲಿಗೆ ಅಂತ ನಾನೂ ಕೇಳಿರಲಿಲ್ಲ, ಅವರೂ ನೋಡಿರಲಿಲ್ಲ. ಪ್ಯಾಡ್ ಸವೆದ ಹಾಗೆ ಡಬ್ಬಿಯಲ್ಲಿ ಆಯಿಲ್ ನಿಧಾನವಾಗಿ ಇಳಿಯುವುದುಂಟು, ಅದು ಲೀಕ್ ಅಲ್ಲ. ಆದರೆ ನಾಲ್ಕು ದಿನದಲ್ಲಿ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಕೊನೆಗೆ ಅಪ್ಪನಿಗೆ ಪರಿಚಯದ ಒಬ್ಬ ಹಿರಿಯ ಮೇಸ್ತ್ರಿ ಆ ಸೋರಿಕೆ ಎಲ್ಲಿದೆ ಅಂತ ಪತ್ತೆ ಹಚ್ಚಿದರು. ಹಿಂದಿನ ಎಡ ಚಕ್ರದ ಒಳಮೈ ತೋರಿಸಿದರು. ನಮ್ಮ ಕಡೆಯ ಅದಿರಿನ ಕೆಂಪು ಧೂಳು ಗೊತ್ತಲ್ಲ, ಉಳಿದ ಮೂರು ಟೈರಿನ ಮೇಲೆ ಪುಡಿಯಾಗಿತ್ತು. ಈ ಒಂದರ ಮೇಲೆ ಮಾತ್ರ ಒದ್ದೆ ಕುಂಕುಮದ ಹಾಗೆ ಮೆತ್ತಿಕೊಂಡಿತ್ತು. ಚಕ್ರದ ಬ್ರೇಕ್ ಡ್ರಮ್ ಬಿಚ್ಚಿ, ಅದರೊಳಗೆ ಆಯಿಲಿನ ಒತ್ತಡದಿಂದ ಲೈನರನ್ನು ಡ್ರಮ್ಮಿಗೆ ತಳ್ಳುವ ವ್ಹೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಸ್ಕ್ರೂ ಡ್ರೈವರಿನ ತುದಿಯಿಂದ ಎತ್ತಿದರು. ಒಳಗಿಂದ ಆಯಿಲ್ ಒಂದೊಂದೇ ಹನಿ ಇಳಿಯಿತು. ಸಿಲಿಂಡರ್ ಬದಲಿಸಿದೆವು. ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವುದೇ ಲೈನರ್, ಅದು ಆಯಿಲ್ ಕುಡಿದರೆ ಉಜ್ಜಿ ಒರೆಸಿದರೂ ಉಪಯೋಗವಿಲ್ಲ ಅಂದರು, ಎರಡೂ ಕಡೆಯ ಲೈನರ್ ಹೊಸದು ಹಾಕಿಸಿದರು.

ಈಗ ನಿನ್ನ ಕಾರಿನ ವಿಷಯ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡು. ಇಂಜಿನ್ ಬಂದ್ ಇರಲಿ. ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾದ ಮೇಲೆ ಕಾಲು ಹಾಗೇ ಒತ್ತಿ ಹಿಡಿ. ಅರ್ಧ ನಿಮಿಷದಲ್ಲಿ ಪೆಡಲ್ ಮೆಲ್ಲಗೆ ಜಾರುತ್ತಾ ಹೋದರೆ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ವಾಷರ್ ಸವೆದಿರಬೇಕು. ಜಾರದೆ ನಿಂತು, ಪಂಪ್ ಮಾಡಿದಾಗ ಮಾತ್ರ ಮೇಲೆ ಬರುತ್ತಿದ್ದರೆ, ಒಂದೋ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಹಿಂದಿನ ಡ್ರಮ್ಮಿನಲ್ಲಿ ಲೈನರ್ ದೂರ ಸರಿದಿದೆ. ನೀನು ಹೇಳಿದ್ದು ಕೇಳಿದರೆ ಈ ಎರಡರಲ್ಲಿ ಒಂದು ಅನಿಸುತ್ತದೆ. ಅದಕ್ಕೂ ಒಂದು ಉಪಾಯ ಇದೆ. ಹ್ಯಾಂಡ್ ಬ್ರೇಕ್ ಎಳೆದು ಪೆಡಲ್ ಒತ್ತಿ ನೋಡು. ಮೊದಲಿಗಿಂತ ಚೆನ್ನಾಗಿ ಮೇಲೆಯೇ ನಿಂತರೆ ಲೈನರ್ ಅಡ್ಜಸ್ಟ್ ಮಾಡಬೇಕು. ಆಗಲೂ ಸ್ಪಂಜಿನ ಹಾಗೆ ಇದ್ದರೆ ಗಾಳಿ ತೆಗೆಯಬೇಕು. ಪೆಡಲ್ ಒತ್ತಿಕೊಂಡೇ ಇಂಜಿನ್ ಶುರು ಮಾಡಿದಾಗ ಅದು ಸ್ವಲ್ಪ ಇಳಿಯುತ್ತದೆ, ಅದಕ್ಕೆ ಗಾಬರಿಯಾಗಬೇಡ, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡುತ್ತಿದೆ ಅಂತ ಲೆಕ್ಕ.

ಗಾಳಿ ತೆಗೆಯಲು ಇಬ್ಬರು ಬೇಕು. ನಮ್ಮಲ್ಲಿ ಅಣ್ಣನ ಮಗ ಪೆಡಲ್ ಮೇಲೆ, ನಾನು ಚಕ್ರದ ಹತ್ತಿರ, ಮೇಸ್ತ್ರಿ ಪಕ್ಕದಲ್ಲಿ. ಚಕ್ರದ ಹತ್ತಿರ ಗಾಳಿ ಹೊರಬಿಡಲು ಇರುವ ನಿಪ್ಪಲ್ಲಿಗೆ ತಿಳಿ ಪ್ಲಾಸ್ಟಿಕ್ ಪೈಪ್ ಹಾಕಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿದೆವು. ‘ಒತ್ತು, ಹಿಡಿ’ ಅಂದ ಮೇಲೆ ನಿಪ್ಪಲ್ ಸಡಿಲ ಮಾಡುವುದು, ಬಿಗಿ ಮಾಡಿದ ಮೇಲೆಯೇ ‘ಬಿಡು’ ಅನ್ನುವುದು. ತಪ್ಪಿ ಮೊದಲೇ ಬಿಟ್ಟರೆ ಗಾಳಿಯನ್ನು ಮತ್ತೆ ಒಳಗೆ ಎಳೆಯುತ್ತದೆ. ಮೊದಲು ಬಂದದ್ದು ಕಾಫಿ ಡಿಕಾಕ್ಷನ್ನಿನಂಥ ಕಪ್ಪು ಆಯಿಲ್, ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಬರುಬರುತ್ತಾ ತಿಳಿಯಾಯಿತು. ಗುಳ್ಳೆ ನಿಂತಾಗ ಹುಡುಗ ಒಳಗಿಂದಲೇ ‘ಕಾಕಾ, ಗಟ್ಟಿಯಾಯಿತು’ ಅಂತ ಕೂಗಿದ. ಆ ಕೂಗು ಈಗಲೂ ಕಿವಿಯಲ್ಲಿದೆ.

ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಬಲು ದೂರದ ಚಕ್ರದಿಂದ, ಅಂದರೆ ಹಿಂದಿನ ಎಡದಿಂದ ಶುರು ಮಾಡುತ್ತಾರೆ. ಕೆಲವು ಕಾರಿಗೆ ಕ್ರಮ ಬೇರೆ, ನಿನ್ನ ಕಾರಿನ ಪುಸ್ತಕ ನೋಡು. ಡಬ್ಬಿ ಖಾಲಿಯಾಗಲು ಬಿಡಬೇಡ. ಆ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯ ಆಯಿಲನ್ನೇ ತೆಗೆದುಕೋ, ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟಲಿ ಬೇಡ. ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಟ್ಟಿಹೋಗದಂತೆ ತಡೆಯುವ ಎಬಿಎಸ್ ಇದ್ದು ಅದರೊಳಗೆ ಗಾಳಿ ಹೊಕ್ಕಿದ್ದರೆ ಮನೆಯಲ್ಲಿ ಆಗದು, ಸ್ಕ್ಯಾನರ್ ಇರುವ ಗ್ಯಾರೇಜಿಗೇ ಟೋ ಮಾಡಿಸು.

ಪರೀಕ್ಷೆ ಮಾಡಿ ಪೆಡಲ್ ಹೇಗಿತ್ತು ಅಂತ ನಾಳೆ ಸಂಜೆಯೊಳಗೆ ಫೋನ್ ಮಾಡು. ಅಲ್ಲಿವರೆಗೆ ಕಾರು ತೆಗೆಯಬೇಡ, ನನಗೆ ತೋರಿಸಲು ಅಂತ ಬಳ್ಳಾರಿಗೂ ಓಡಿಸಿಕೊಂಡು ಬರಬೇಡ. ಬೇಕಾದರೆ ಬುಧವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಪಾನಾ, ಪೈಪು ನನ್ನ ಹತ್ತಿರ ಇವೆ, ನೀನು ಆಯಿಲ್ ತಂದಿಡು. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಅವ್ವನನ್ನು ಬಸ್ಸಿನಲ್ಲೇ ಕರೆದುಕೊಂಡು ಹೋಗು. ಅವ್ವನಿಗೆ ನಾನೇ ಹೇಳುತ್ತೇನೆ.

ನಿನ್ನ ಗೆಳೆಯ